ಖೊಟ್ಟಿ ಕಲ್ಲು

"ತಕ್ಕಡೀನ ಖೊಟ್ಟಿ ಅದ!" ಎಂದು ಡಾಕ್ಟರ್ ಶೈಲೇಶ ಕಲಶೆಟ್ಟಿ ಕಾಗದವನ್ನು ಮೇಜಿನ ಮೇಲೆ ಒಗೆದ.

ಸೊಲ್ಲಾಪುರದಿಂದ ಅವನು ಬಂದದ್ದೇ ಈ ಮಾತು ಹೇಳಲು. ಅಕ್ಕಲಕೋಟದ ಹಳೆಯ ಎಂಆರ್‌ಐ ಯಂತ್ರವೆಂದರೆ ಅವನಿಗೆ ಅಸಹ್ಯ. ಊರೂ ಅಸಹ್ಯ. ಇಲ್ಲಿಗೆ ಕಾಲಿಡದೆ ಹತ್ತು ವರ್ಷವಾಯಿತೆಂದು ಹೆಮ್ಮೆಯಿಂದ ಹೇಳಿಕೊಂಡ. ಬರುವಾಗ ಎರಡು ಸಲ ದಾರಿ ತಪ್ಪಿತ್ತು. ನೆಟ್ಟಗೆ ಒಂದು ಬೋರ್ಡು ಹಾಕುವ ಯೋಗ್ಯತೆಯೂ ಈ ಜನಕ್ಕಿಲ್ಲ.

ಜವಾನ ಮಲ್ಲಯ್ಯ ಕೇಳದೆಯೇ ಚಹಾ ತಂದಿಟ್ಟ. ಸಕ್ಕರೆಯಿಲ್ಲದ್ದು. ಸುತ್ತ ಕಬ್ಬು ಬೆಳೆದೂ ಸಕ್ಕರೆಗೆ ಜಿಪುಣತನ! ಶೈಲೇಶ ದಿನಾ ಕುಡಿಯುವುದೂ ಸಕ್ಕರೆಯಿಲ್ಲದ ಚಹಾವನ್ನೇ, ಅದು ಬೇರೆ ಮಾತು.

"ಇಲ್ಲಿ ನೋಡು, ಸ್ನೇಹಲ."

"ನಾ ಶುಭಾಂಗಿ ರೀ, ಸರ್," ಎಂದಳು ಯಂತ್ರ ನಡೆಸುವ ಹುಡುಗಿ. ಬೆಳಗಿನಿಂದ ಇದು ಮೂರನೆಯ ಸಲ. ಯಾರಾದರೇನು ಎಂದುಕೊಂಡ ಅವನು.

ಅವನ ಒಂದು ಸಹಿಗಾಗಿ ಶುಭಾಂಗಿ ನಾಲ್ಕು ತಿಂಗಳು ದುಡಿದಿದ್ದಳು. ಇಲ್ಲಿಯ ಅಳತೆ ಸೊಲ್ಲಾಪುರದ ಅಳತೆಗೆ ಸಮ ಎಂದು ಅವನು ಬರೆದುಕೊಟ್ಟರೆ, ಸುತ್ತಲಿನ ಕರಜಗಿ, ಹನ್ನೂರಿನ ಮರೆವು ಹತ್ತಿದ ಮುದುಕರ ತಪಾಸಣೆ ಇಲ್ಲೇ ಆಗುತ್ತಿತ್ತು. ಇಲ್ಲವಾದರೆ ಅವರಿಗೆ ಎಸ್‌ಟಿ ಬಸ್ಸು, ಸೊಲ್ಲಾಪುರದ ಸರದಿ.

"ನಮ್ಮಪ್ಪ ಮಲಕಾಜಪ್ಪಂದು ಕಾಳಿನ ಅಂಗಡಿ," ಎಂದು ಶುರುಮಾಡಿದ. "ಹೊಸಾ ತಕ್ಕಡಿ ಬಂತಂದ್ರ, ಒಂದ ತೂಕದ ಕಲ್ಲ ಹಳೇದು, ಹೊಸಾದು ಎರಡೂ ತಕ್ಕಡ್ಯಾಗ ಇಟ್ಟ ನೋಡ್ತಿದ್ದ. ಇದೂ ಹಂಗ. ಒಂದ ತಲಿ, ಎರಡ ಮಶೀನ."

ಶುಭಾಂಗಿ ತಲೆಯಾಡಿಸಿದಳು. ಅವಳು ಕೇಳದ ಕಥೆಯೇನಲ್ಲ.

ಐದು ಮಂದಿ ಆರೋಗ್ಯವಂತರನ್ನು ಹೋದ ವಾರ ಎರಡೂ ಯಂತ್ರಗಳಲ್ಲಿ ಮಲಗಿಸಿದ್ದರು. ಹೆಸರು ಕಂಡರೆ ಕಣ್ಣು ಮೋಸ ಮಾಡುತ್ತದೆಂದು ಶೈಲೇಶನೇ ನಿಯಮ ಮಾಡಿದ್ದ: ಕಾಗದದ ಮೇಲೆ ನಂಬರು, ವಯಸ್ಸು ಮಾತ್ರ. ಹೆಸರನ್ನು ಅವರವರೇ ಬರೆದು ಸಹಿ ಮಾಡಿದ ಹಾಳೆ ಅರಗು ಹಚ್ಚಿದ ಪಾಕೀಟಿನಲ್ಲಿತ್ತು.

"ಈ ಮೂರನೇ ನಂಬರ್ ನೋಡು. ಮೆದುಳಿನ್ಯಾಗ ನೆನಪಿನ ಭಾಗ ಎಷ್ಟ ಸಣ್ಣದ ತೋರಸೇದ! ನನ್ನ ವಯಸ್ಸಿನವ ಅದಾನ. ಇಷ್ಟ ಹ್ಯಾಂಗ ಸವದೀತು?"

"ಮಶೀನ ಸರಿ ಅದರಿ. ತಲೀನ ಹಂಗ ಇರಬಹುದು," ಎಂದಳು ತಗ್ಗಿದ ದನಿಯಲ್ಲಿ.

"ಕುಣೀಲಿಕ್ಕೆ ಬಾರದಾಕಿ ನೆಲಾ ಡೊಂಕ ಅಂದ್ಳಂತ!"

ಅವಳು ಸೊಲ್ಲಾಪುರದ ಹಾಳೆಯನ್ನು ಅದರ ಪಕ್ಕದಲ್ಲಿಟ್ಟು ತೋರಿಸಿದಳು. ಉಳಿದ ನಾಲ್ವರ ಅಳತೆ ಎರಡರಲ್ಲೂ ಒಂದೇ. ಮೂರನೆಯವನದೂ ಒಂದೇ. ಶೈಲೇಶನ ಕೋಟಿಗಟ್ಟಲೆ ಬೆಲೆಯ ಹೊಸ ಯಂತ್ರವೂ ಅದೇ ಸವೆದ ಲೆಕ್ಕವನ್ನು ಹೇಳುತ್ತಿತ್ತು.

ಶೈಲೇಶ ಸೋಲು ಒಪ್ಪುವ ಜಾತಿಯವನಲ್ಲ, ನಗಾಡಿದ.

"ಹಂಗಾದ್ರ ತಕ್ಕಡಿ ಅಲ್ಲ, ಕಲ್ಲ ಖೊಟ್ಟಿ! ಆರೋಗ್ಯವಂತರನ್ನ ತರ್ರಿ ಅಂದ್ರ, ಯಾವ ಕುರಿ ಕಾಯೋ ಮಂಕನ್ನ ಹಿಡಕೊಂಡ ಬಂದೀ? ಅವಗ ತನ್ನ ಮನಿ ದಾರೀನೂ ನೆನಪಿರೂದಿಲ್ಲ. ಇಂಥಾ ಕಲ್ಲ ಇಟ್ಟ ತೂಗಿದ ಲೆಕ್ಕ ಎಲ್ಲಾ ರದ್ದ!"

ಬಾಗಿಲಲ್ಲಿದ್ದ ಮಲ್ಲಯ್ಯನ ಮನೆಯಲ್ಲಿ ಅರವತ್ತು ಕುರಿಗಳಿದ್ದವು. ಅವನು ಸಿಟ್ಟಾಗಲಿಲ್ಲ. ಕನಿಕರದಿಂದ ನೋಡಿದ. ಜವಾನನ ಕನಿಕರ ಯಾರಿಗೆ ಬೇಕಾಗಿತ್ತು!

"ಆ ಮಂಕನ ಹೆಸರ ಬರದ ರದ್ದ ಮಾಡತೀನಿ. ಪಾಕೀಟ ತಾ."

ಶುಭಾಂಗಿ ಪಾಕೀಟಿನ ಮೇಲೆ ಕೈಯಿಟ್ಟಳು. "ಇವತ್ತ ಒಡೀಬ್ಯಾಡ್ರಿ, ಸರ್. ನಾಳೆ ಮನಿಯಿಂದ ಬಾಯಾರನ್ನ ಕರಕೊಂಡ ಬರ್ರಿ. ಕೂತ ಮಾತಾಡೂಣು."

ತನ್ನ ಹೆಂಡತಿಯ ಕೈಲಿ ಶಿಫಾರಸು ಮಾಡಿಸುವ ಹುನ್ನಾರ! ಎಂಥ ಕೀಳು ಜನ. ಶೈಲೇಶ ಪಾಕೀಟನ್ನು ಕಸಿದುಕೊಂಡ. ಜೇಬಿನಿಂದ ಹಸಿರು ಮಸಿಯ ಪೆನ್ನು ತೆಗೆದ. ಸೊಲ್ಲಾಪುರದ ಆಸ್ಪತ್ರೆಯಲ್ಲಿ ಹಸಿರು ಮಸಿ ಅವನೊಬ್ಬನದೇ ಹಕ್ಕು. ಬೇರೆ ಯಾರೂ ಮುಟ್ಟುವಂತಿರಲಿಲ್ಲ.

ಅರಗು ಒಡೆದು ಹಾಳೆ ಬಿಡಿಸಿದ. ನಾಲ್ಕು ಹೆಸರುಗಳು ನೀಲಿ ಮಸಿಯಲ್ಲಿದ್ದವು.

ಮೂರನೆಯದು ಹಸಿರು ಮಸಿಯಲ್ಲಿತ್ತು, ಅವನದೇ ಅಕ್ಷರದಲ್ಲಿ: ಶೈಲೇಶ ಮಲಕಾಜಪ್ಪ ಕಲಶೆಟ್ಟಿ, ಅಕ್ಕಲಕೋಟ. ಕೆಳಗಿನ ತಾರೀಖು ಹೋದ ಗುರುವಾರದ್ದು.