ತೂಗಾಡುವ ನಕ್ಷತ್ರ

ಹಾರೆಯ ಮೊದಲ ಏಟಿಗೇ ಮೋಹಿತ್ ಕುಸಿದ. ರಾಜೇಶನ ಸಿಟ್ಟು ಇಳಿಯಲಿಲ್ಲ, ಇನ್ನೊಂದು ಕೊಟ್ಟ. ತಲೆ ಒಡೆದು ನೆತ್ತರು ಕಾಫಿ ಗಿಡದ ಬುಡಕ್ಕೆ ಹರಿಯಿತು.

“ಬೆನ್ನಿಗೆ ಚೂರಿ ಹಾಕ್ತೀಯಾ? ನನ್ನ ಹೆಸ್ರು ಅಳಿಸ್ತೀಯಾ?” ಎಂದು ಹೆಣಕ್ಕೇ ಬೈದ.

ಇಬ್ಬರೂ ಖಗೋಳ ವಿಜ್ಞಾನಿಗಳು, ಒಂದೇ ತಟ್ಟೆಯಲ್ಲಿ ಉಂಡ ಗೆಳೆಯರು. ವರ್ಷಗಟ್ಟಲೆ ಬೆನ್ನು ಹತ್ತಿದ್ದು ಒಂದೇ ಪಲ್ಸಾರನ್ನು. ಬುಗುರಿಯಂತೆ ಸುತ್ತುತ್ತ, ನಾಡಿ ಬಡಿದಂತೆ ಎಕ್ಸ್-ರೇ ಚೆಲ್ಲುವ ಸತ್ತ ನಕ್ಷತ್ರ ಅದು. ಬಾಹ್ಯಾಕಾಶದ ದೂರದರ್ಶಕ ಹಿಡಿದುಕೊಟ್ಟ ಬಡಿತಗಳನ್ನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಲೆಕ್ಕ ಹಾಕಿದವನು ರಾಜೇಶ. ಕೆಲವು ತಿಂಗಳು ಬಡಿತ ಬೇಗ, ಕೆಲವು ತಿಂಗಳು ತಡ. ವರ್ಷ ವರ್ಷವೂ ಹೀಗೇ. ಯಾವುದೋ ಕಾಣದ ಗ್ರಹ ಜಗ್ಗುತ್ತಿದೆ, ಅದಕ್ಕೇ ನಕ್ಷತ್ರ ತೂಗಾಡುತ್ತಿದೆ! ಸಭೆಯಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೂ ಆಗಿತ್ತು. ಪ್ರಬಂಧ ಅಚ್ಚಾಗುವುದೊಂದೇ ಬಾಕಿ.

ಅದಕ್ಕೆಂದೇ ರಾಜೇಶ ದೋಣಿಗಲ್ಲಿನ ಮೋಹಿತನ ಎಸ್ಟೇಟಿಗೆ ಬಂದಿದ್ದ. ಬೆಳಿಗ್ಗೆ ತೋಟದಲ್ಲಿ ಮೋಹಿತ್ ಮುಖ ತಪ್ಪಿಸಿ ಹೇಳಿದ್ದ: “ಬರೆದು ಕಳಿಸ್ಬುಟ್ಟೆ ಕಣೋ, ನನ್ನೊಬ್ಬನ ಹೆಸರಲ್ಲೇ. ನಿನ್ನ ಹೆಸರು ತೆಗ್ದಿದ್ದೀನಿ. ಎಲ್ಲಾ ನನ್ ಮೇಲೇ ಇರ್ಲಿ. ಕೂತ್ಕೋ ಮಾರಾಯ, ಹೇಳ್ತೀನಿ.”

ರಾಜೇಶ ಕೂರಲಿಲ್ಲ. ಮೆಣಸಿನ ಬಳ್ಳಿಗೆ ಕಂಬ ನೆಡಲು ತಂದಿದ್ದ ಹಾರೆ ಕೈಗೆ ಸಿಕ್ಕಿತು. ಸಿಟ್ಟಿನಲ್ಲಿ ಕೊಯ್ದ ಮೂಗು ಆಮೇಲೆ ಬರುತ್ತದೆಯೇ?

ಆಮೇಲೆ ಬುದ್ಧಿ ಓಡಿತು. ಬೆಳಗಿನ ಜಾವ ಆನೆ ಹಿಂಡು ಬೇಲಿ ಮುರಿದು ಹೋದ ದಾರಿಗೆ ಹೆಣ ಎಳೆದ. ದೊಡ್ಡ ಕಲ್ಲೆತ್ತಿ ಎದೆಯ ಮೇಲೆ ಹಾಕಿದ. ಪಕ್ಕೆಲುಬು ಮುರಿದ ಸದ್ದಾಯಿತು. ಗಿಡದ ಬುಡದ ನೆತ್ತರಿನ ಮೇಲೆ ಮಣ್ಣೆಳೆದು, ಕಲ್ಲು ಹಾರೆ ಎರಡನ್ನೂ ಕೆರೆಗೆ ಹಾಕಿ ಕೈ ತೊಳೆದುಕೊಂಡ.

ಹೆಣ ಕಂಡ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಧರ್ಮ ಬಾಯಿ ಬಡಿದುಕೊಂಡ. “ಅಯ್ಯಯ್ಯೋ, ಆನೆ ತುಳಿದಾಕ್ಬುಟ್ಟೈತೆ ಕಣ್ರೀ! ಫಾರೆಸ್ಟಿನ ದೊಡ್ಡ ಸಾಹೇಬ್ರು ಬರೋಗಂಟ ಹೆಣ ಎತ್ತಾಂಗಿಲ್ಲ!” ಊರವರು ಹೆದ್ದಾರಿಗೆ ಅಡ್ಡ ಕೂತು ಅರಣ್ಯದವರಿಗೆ ಶಾಪ ಹಾಕಿದರು. ಒಬ್ಬರಿಗೂ ಅನುಮಾನ ಬರಲಿಲ್ಲ. ಮೋಹಿತ್ ಕಳಿಸಿದ್ದನ್ನು ಹಿಂದಕ್ಕೆ ತರಿಸಿದರೆ ಇನ್ನು ಶೋಧ ತನ್ನೊಬ್ಬನದೇ ಎಂದು ರಾಜೇಶ ಒಳಗೊಳಗೇ ನಿರಾಳನಾದ.

ಮೋಹಿತನ ಹೆಂಡತಿ ಸೌಜನ್ಯ ಬಂದು ಅವನ ಕೈ ಹಿಡಿದು ಗೋಳಾಡಿದಳು.

“ಅಣ್ಣಾ, ಇವ್ರು ನಿಮಗೆ ಹೇಳಿದ್ರಾ? ಆ ಗ್ರಹ ಇಲ್ವೇ ಇಲ್ವಂತೆ. ನಮ್ಮ ಭೂಮಿ ಸೂರ್ಯನ್ನ ಸುತ್ತುವಾಗ ಆ ನಕ್ಷತ್ರಕ್ಕೆ ಹತ್ರ ಹೋದ್ರೆ ಬಡಿತ ಬೇಗ, ದೂರ ಹೋದ್ರೆ ತಡ ಅಂತೆ; ಅದನ್ನ ಲೆಕ್ಕದಿಂದ ಕಳೆಯೋದು ನೀವು ಮರ್ತಿದ್ರಂತೆ. ‘ತಪ್ಪಾಯ್ತು ಅಂತ ಪತ್ರಿಕೆಗೆ ಬರೆದು ಕಳಿಸ್ಬುಟ್ಟೆ, ಅವಮಾನ ನನಗೊಬ್ಬನಿಗೇ ಸಾಕು, ರಾಜೇಶನ ಹೆಸರು ತೆಗ್ದಿದ್ದೀನಿ’ ಅಂದಿದ್ರು.”