ಇನ್ನೊಂದು ಕೆನ್ನೆ

ಕ್ಷೌರಿಕ ಕುರ್ಚಿಯ ಬೆನ್ನನ್ನು ಒಂದು ಕಚ್ಚು ಇಳಿಸಿದ್ದೇ ತಡ, ಬ್ಯಾಂಡ್ ಮಾಸ್ಟರ್ ದಡಬಡಿಸಿ ಎದ್ದು ಕೂತರು. “ಬೇಡ ಮಾರಾಯ, ಒರಗಿದರೆ ಉಸಿರು ಕಟ್ಟತ್ತೆ. ಹೀಗೇ ಬೋಳಿಸು.”

ಆ ಕುರ್ಚಿಯ ಬೆನ್ನು ಹಿಂದಕ್ಕೆ ಬಾಗಿಸಲು ಮೂರು ಕಚ್ಚು. ಇಪ್ಪತ್ತು ವರ್ಷದಿಂದ ಮೂರನೆಯದಕ್ಕೆ ಇಳಿಸಿ ನೊರೆ ಹಚ್ಚಿದರೆ ಸಾಕು, ಮಾಸ್ಟರ್ ಗೊರಕೆ ಶುರು. ಹೋದ ವಾರ ಎರಡೇ ಸಾಕೆಂದಿದ್ದರು. ಬಲಗೆನ್ನೆ ಬೋಳಿಸುತ್ತಾ ಕ್ಷೌರಿಕ ಕನ್ನಡಿಯಲ್ಲೇ ಅವರನ್ನು ಗಮನಿಸಿದ.

“ಹಾರ್ಟಿನ ಮಾತ್ರೆ ತಗೋತಿದೀರಾ ಅಣ್ಣ?”

“ತಪ್ಪಿಸಿದ್ರೆ ನಿಮ್ಮತ್ತಿಗೆ ಬಿಡ್ತಾಳಾ?”

“ಬೂಟಿನ ದಾರ ಯಾಕೆ ಬಿಚ್ಚಿದೆ?”

“ಬೂಟೂ ಬಿಗಿ, ಪ್ಯಾಂಟೂ ಬಿಗಿ. ನಾಲ್ಕು ದಿನದಲ್ಲಿ ಎರಡು ಕೆ.ಜಿ. ಏರಿದೀನಿ. ಅಂತೂ ಮೈ ಹತ್ತಿಕೊಳ್ತಿದೆ ಅಂತ ಅವಳಿಗೆ ಖುಷಿಯೋ ಖುಷಿ!”

ಕ್ಷೌರಿಕ ಕತ್ತಿ ಮಡಚಿ ಡ್ರಾಯರಿಗೆ ಹಾಕಿದ. “ಅದು ಮೈ ಹತ್ತಿದ್ದಲ್ಲ, ನೀರು ತುಂಬ್ತಿರೋದು. ನಮ್ಮಪ್ಪನೂ ಹೀಗೇ ಕೂತೇ ನಿದ್ದೆ ಮಾಡ್ತಿದ್ದ. ವಯಸ್ಸಾಯ್ತು ಅಂತ ನಾವು ಸುಮ್ಮನಿದ್ವಿ, ಕಳ್ಕೊಂಡ್ವಿ. ನಂಗೆ ಭಯ ಆಗ್ತಿದೆ ಅಣ್ಣ, ಈಗಲೇ ಆಸ್ಪತ್ರೆಗೆ ನಡೀರಿ. ಎಡಗೆನ್ನೆ ಡಾಕ್ಟರ್ ಚೀಟಿ ತೋರಿಸಿದ ಮೇಲೆ.”

“ಅರ್ಧ ಮುಖ ಹೊತ್ಕೊಂಡು ಹೋಗ್ಲಾ? ಸಾಯಂಕಾಲ ಬ್ಯಾಂಡ್ ಇದೆ ಕಣೋ! ನೀನೊಬ್ಬನೇನಾ ಇರೋದು? ಏರಿನ ಮೇಲಿನ ಅಂಗಡಿಗೆ ಹೋಗ್ತೀನಿ!”

ನೊರೆ ಮುಖದಲ್ಲೇ ಠೀವಿಯಿಂದ ಹೊರಟವರು ಹತ್ತು ಹೆಜ್ಜೆಗೇ ದೀಪದ ಕಂಬ ಹಿಡಿದು ನಿಂತರು. ಏರನ್ನು ನೋಡಿದರು. ಹಿಂದೆಯೇ ಬಂದಿದ್ದ ಕ್ಷೌರಿಕನನ್ನೂ ನೋಡಿದರು. “ಗಾಡಿ ಕರೆಯೋ,” ಎಂದರು ಏದುಸಿರು ಬಿಡುತ್ತಾ. ಕ್ಷೌರಿಕ ಅಂಗಡಿಯನ್ನು ಹಾಗೇ ಬಿಟ್ಟು ಜೊತೆಗೇ ಹತ್ತಿದ.

ಹನ್ನೆರಡು ದಿನದ ಮೇಲೆ ಮಾಸ್ಟರ್ ಚೀಟಿ ಆಡಿಸುತ್ತಾ ಬಂದರು. ಬೂಟಿನ ದಾರ ಬಿಗಿದು ಕಟ್ಟಿತ್ತು. ಎರಡೂ ಕೆನ್ನೆಗೆ ಗಡ್ಡ ಬಂದಿತ್ತು, ಎಡಗಡೆಯದು ಒಂದು ಕೈ ಮೇಲೆ.

“ಎಷ್ಟೋ ಜನರನ್ನ ಹೊತ್ಕೊಂಡು ಬರ್ತಾರೆ, ನೀವು ನಡ್ಕೊಂಡೇ ಬಂದ್ರಲ್ಲ, ಹೇಗೆ ಗೊತ್ತಾಯ್ತು ಅಂತ ಡಾಕ್ಟರ್ ಕೇಳಿದ್ರು. ಈ ಕೆನ್ನೆ ತೋರಿಸಿದೆ ನೋಡು! ಅಲ್ಲಿಯವರು ಬೋಳಿಸೋಕೆ ಬಂದ್ರೂ ಬಿಡಲಿಲ್ಲ, ಇದು ನನ್ನ ತಮ್ಮನ ಕೆಲಸ ಅಂದೆ.”

ಕ್ಷೌರಿಕನಿಗೆ ನಗು, ಅಳು ಎರಡೂ ಒಟ್ಟಿಗೇ ಬಂತು. ಕುರ್ಚಿ ಇಳಿಸಿದ. ಒಂದು ಕಚ್ಚು. ಎರಡು. ಮೂರು. ನೊರೆ ಹಚ್ಚುವಷ್ಟರಲ್ಲಿ ಅಂಗಡಿ ನಡುಗುವಂಥ ಗೊರಕೆ.

“ಎಬ್ಬಿಸಯ್ಯ, ನಮಗೆ ಹೊತ್ತಾಗತ್ತೆ,” ಎಂದರು ಬೆಂಚಿನಲ್ಲಿ ಕಾಯುತ್ತಿದ್ದವರು.

ಕ್ಷೌರಿಕ ಸ್ಟೂಲು ಎಳೆದುಕೊಂಡು ಕೂತು, ತುಟಿಯ ಮೇಲೆ ಬೆರಳಿಟ್ಟ. “ಶ್! ಬ್ಯಾಂಡ್ ನಡೀತಿದೆ.”