ಗಂಡನ ಹೆಸರು ಹೇಳಿದಾಕೆ

ಅಚ್ಚಾಗಿ ಹಗ್ಗದ ಮೇಲೆ ಒಣಗುತ್ತಿದ್ದ ಹಾಳೆಯನ್ನು ಓದುತ್ತಿದ್ದ ರಾಮಲಿಂಗಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕುಬಿಟ್ಟ. “ಅಡಿವೆಪ್ಪಾ, ಏನ್ ಬರದೀಯೋ ಇದು! ನಿನ್ನ ಕಾದಂಬರ್ಯಾಗ ಪೊಲೀಸ್ ಫೌಜದಾರ ಕೇಳಿದ ಕೂಡ್ಲೆ ಈಕಿ ಸತ್ತ ಗಂಡನ ಹೆಸರು ಪಟ್ಟನ ಹೇಳತಾಳಲ್ಲೋ. ನಮ್ಮ ಕಡೆ ಯಾವ ಹೆಣಮಗಳು ಗಂಡನ ಹೆಸರು ಹಿಂಗ ಬಾಯಿಬಿಟ್ಟು ಹೇಳತಾಳ?”

ಬೈಲಹೊಂಗಲದ ಆ ಛಾಪಖಾನೆಯಲ್ಲಿ ಕೂಡಿದ್ದ ಕಥೆಗಾರ ಗೆಳೆಯರೆಲ್ಲ ಗೊಳ್ಳೆಂದರು. ಅಡಿವೆಪ್ಪ ಬೆವತುಹೋದ. ಇದು ಅವನ ಮೊದಲ ಪತ್ತೇದಾರಿ ಕಾದಂಬರಿ. ಕೊಂದವರು ಯಾರೆಂಬುದು ಅವನಿಗೇ ಇನ್ನೂ ಹೊಳೆದಿರಲಿಲ್ಲ. ಕಡೆಯ ಅಧ್ಯಾಯಕ್ಕಾಗಿ ಯಂತ್ರ ಕಾದು ನಿಂತಿತ್ತು.

“ಆ ಹಾಳಿ ತಿದ್ದಾಕ ಬರತೈತೇನ್ರಿ?” ಎಂದು ಛಾಪಖಾನೆಯ ಖಾಸಿಮಸಾಬನನ್ನು ಕೇಳಿದ.

“ಜೋಡಿಸಿದ್ದ ಅಚ್ಚಿನ ಮೊಳಿ ಎಲ್ಲಾ ಬಿಚ್ಚೇವ್ರಿ. ಇನ್ನ ಆಕಿ ಹೇಳಿದ್ದು ಹೇಳಿದ್ದನ.”

ಅಡಿವೆಪ್ಪ ಕುಳಿತಲ್ಲಿ ಕೂರಲಾರದೆ ಆ ಹಾಳೆಯ ಮುಂದೆಯೇ ಅತ್ತಿಂದಿತ್ತ ತಿರುಗಿದ. ಯಾವ ಹೆಂಡತಿಯೂ ಹೇಳದ ಮಾತನ್ನು ಈಕೆ ಹೇಳಿಬಿಟ್ಟಿದ್ದಾಳೆ. ಯಾವ ಹೆಂಡತಿಯೂ ಹೇಳದ್ದು. ತಟ್ಟನೆ ನಿಂತ. ಲೆಕ್ಕಣಿಕೆಯನ್ನು ಮಸಿಯಲ್ಲಿ ಅದ್ದಿ, ನಿಂತೇ ಕಡೆಯ ಅಧ್ಯಾಯದ ಮೊದಲ ಸಾಲು ಬರೆದ: “ಫೌಜದಾರನು ನಕ್ಕು ಅಂದನು: ‘ಅವ್ವಾ, ನೀನು ಆತನ ಹೆಂಡತಿಯೇ ಅಲ್ಲ.’”